ಕಾಲೇಜು, ಹಾಸ್ಟೆಲ್, ಕಳ್ಳತನ: ದಾವಣಗೆರೆಯಲ್ಲಿ ಓದುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಹರಪನಹಳ್ಳಿ, ಜಗಳೂರು, ಚನ್ನಗಿರಿ, ಹೊಸದುರ್ಗ, ಇನ್ನೂ ದೂರದ ಊರುಗಳಿಂದ ಮಕ್ಕಳು ದಾವಣಗೆರೆಗೆ ಓದಲು ಬರುತ್ತಾರೆ. ಅಡ್ಮಿಷನ್ ದಿನ ಅಪ್ಪ ಅಮ್ಮ ಕೇಳಿದ್ದು, ಮೆಸ್ಸಿನಲ್ಲಿ ಹುಡುಗರು ಕೇಳಿದ್ದು, ವಸ್ತು ಹೋದ ಮೇಲೆ ಗಾಬರಿಯಲ್ಲಿ ಫೋನ್ ಮಾಡಿ ಕೇಳಿದ್ದು, ಚೀಟಿಯಲ್ಲಿ ಬರೆದು ಕೇಳಿದ್ದು ಎಲ್ಲ ಇಲ್ಲಿವೆ. ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಬಿಟ್ಟಿದ್ದೇನೆ. ಸುಲಭದವು ಮೊದಲು, ತಲೆನೋವಿನವು ಕೊನೆಗೆ.

## ಸೇರುವ ಮುಂಚೆ, ಸೇರಿದ ಹೊಸದರಲ್ಲಿ

"ಮಗಳನ್ನ ದಾವಣಗೆರೆಗೆ ಓದೋಕೆ ಬಿಡ್ತಿದೀವಿ. ಊರು ಸೇಫಾ ಸರ್?"

ಹೊರಗಿನಿಂದ ಬಂದು ಓದುವ ಮಕ್ಕಳು ಈ ಊರಿಗೆ ಹೊಸಬರಲ್ಲ. ಯುಬಿಡಿಟಿ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1951ರಲ್ಲಿ, ಜೆಜೆಎಂ ಮೆಡಿಕಲ್ ಕಾಲೇಜು 1965ರಲ್ಲಿ. ವಿದ್ಯಾನಗರ, ಎಂಸಿಸಿ ಬಿ ಬ್ಲಾಕ್ ಕಡೆ ಒಂದು ಸುತ್ತು ಹಾಕಿದರೆ ಪಿಜಿ ಬೋರ್ಡುಗಳೇ ಕಾಣುತ್ತವೆ. ಆದರೆ ಊರು ಸೇಫಾ ಅಂತ ಕೇಳುವುದಕ್ಕಿಂತ, ಮಗಳು ಮಲಗುವ ಕಟ್ಟಡ ಸೇಫಾ ಅಂತ ನೋಡುವುದು ಒಳ್ಳೆಯದು.

ಬೆಳಿಗ್ಗೆ 11 ಗಂಟೆಗೆ ಹೋಗಿ ನೋಡಬೇಡಿ. ಸಂಜೆ 7ಕ್ಕೆ ಹೋಗಿ. ಗೇಟಿನಲ್ಲಿ ಯಾರಾದರೂ ತಡೆದು ಯಾರು ನೀವು ಅಂತ ಕೇಳಿದರಾ? ಯಾರೂ ಕೇಳದೆ ನೀವು ಮೂರನೇ ಮಹಡಿಯವರೆಗೆ ಹೋಗಿಬಿಟ್ಟಿರಿ ಅಂದರೆ ಬೇರೆ ಯಾರು ಬೇಕಾದರೂ ಹೋಗಬಹುದು. ತಾರಸಿಯ ಬಾಗಿಲಿಗೆ ಬೀಗ ಇದೆಯಾ? ಬಾತ್‌ರೂಮಿಗೆ ಹೋಗುವ ದಾರಿಯಲ್ಲಿ ಲೈಟಿದೆಯಾ? ಬಸ್ ಇಳಿದಲ್ಲಿಂದ ಗೇಟಿನ ತನಕ ಬೀದಿದೀಪ ಉರಿಯುತ್ತಿವೆಯಾ? ಆಮೇಲೆ ಮಾಲೀಕರನ್ನು ಬಿಟ್ಟು ಅಲ್ಲಿರುವ ಹುಡುಗಿಯರನ್ನು ಮಾತಾಡಿಸಿ. "ಇಲ್ಲಿ ಏನಾದ್ರೂ ಕಳುವಾಗಿತ್ತಾ? ಆವಾಗ ವಾರ್ಡನ್ ಏನು ಮಾಡಿದ್ರು?" ಎರಡನೇ ಪ್ರಶ್ನೆಗೆ ಬರುವ ಉತ್ತರದಲ್ಲಿ ಹಾಸ್ಟೆಲ್ ಹೇಗಿದೆ ಅಂತ ಗೊತ್ತಾಗುತ್ತದೆ.

"ಕಾಲೇಜಲ್ಲಿ ಜಾಸ್ತಿ ಹೋಗೋದು ಏನು? ಫೋನ್ ತಾನೆ?"

ಫೋನು, ಲ್ಯಾಪ್‌ಟಾಪು, ಬೈಕು ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕಕ್ಕೇ ಬಾರದೆ ಹೋಗುವ ವಸ್ತುಗಳು ಬೇರೆ. ಎಂಜಿನಿಯರಿಂಗ್‌ನಲ್ಲಿ ಇಂಟರ್ನಲ್ಸ್ ವಾರ ಬಂತೆಂದರೆ ಸೈಂಟಿಫಿಕ್ ಕ್ಯಾಲ್ಕುಲೇಟರ್ ಮಾಯ, ಡ್ರಾಯಿಂಗ್ ಕ್ಲಾಸಿನ ಡ್ರಾಫ್ಟರ್ ಮಾಯ. ಮೆಡಿಕಲ್‌ನವರದು ಸ್ಟೆತಸ್ಕೋಪು. ಹಾಸ್ಟೆಲ್‌ನಲ್ಲಿ ಚಪ್ಪಲಿ, ಬಕೆಟ್ಟು, ತಂತಿ ಮೇಲೆ ಒಣಹಾಕಿದ ಹೊಸ ಬಟ್ಟೆ. ಪಾರ್ಕಿಂಗ್‌ನಲ್ಲಿ ಹೆಲ್ಮೆಟ್ಟು, ಪೆಟ್ರೋಲು.

ಇವುಗಳಲ್ಲಿ ಅರ್ಧದಷ್ಟು ಕಳ್ಳತನ ಅಂತ ಮಾಡಿದವರಿಗೇ ಅನ್ನಿಸಿರುವುದಿಲ್ಲ. "ಪರೀಕ್ಷೆಗೆ ಬೇಕಿತ್ತು, ತಗೊಂಡೆ, ಆಮೇಲೆ ವಾಪಸ್ ಇಡೋದು ಮರೆತೆ" ಅನ್ನುತ್ತಾರೆ. ಒಂದೇ ಕಂಪನಿಯ ಕ್ಯಾಲ್ಕುಲೇಟರ್ ಇಡೀ ಕ್ಲಾಸಿನಲ್ಲಿ ಎಲ್ಲರ ಹತ್ತಿರವೂ ಇರುತ್ತದೆ. ಸ್ಟಿಕ್ಕರ್ ಅಂಟಿಸಿದರೆ ಕಿತ್ತು ಹೋಗುತ್ತದೆ. ಕಾಯಿಸಿದ ಸೂಜಿಯಲ್ಲಿ ಹಿಂಬದಿಯ ಪ್ಲಾಸ್ಟಿಕ್ ಮೇಲೆ ರಿಜಿಸ್ಟರ್ ನಂಬರ್ ಕೊರೆಯಿರಿ. ನೋಡಲು ಚೆಂದ ಇರುವುದಿಲ್ಲ ನಿಜ. ಆದರೆ ಚೆಂದ ಇಲ್ಲದ ಕ್ಯಾಲ್ಕುಲೇಟರ್ ಯಾರಿಗೂ ಬೇಡ.

"ಎಂಥ ಬೀಗ ತಗೊಳ್ಳಲಿ?"

ಬೀಗಕ್ಕೆ ದುಡ್ಡು ಹಾಕುವ ಮುಂಚೆ ಕೊಂಡಿ ನೋಡಿ. ಆರು ಲೀವರಿನ ಬೀಗ ತಂದು, ನಾಲ್ಕು ಸ್ಕ್ರೂ ಹೊರಗೇ ಕಾಣುವ ತಗಡಿನ ಕೊಂಡಿಗೆ ಹಾಕಿದರೆ ಏನು ಬಂತು? ಸ್ಕ್ರೂ ಡ್ರೈವರ್ ಸಾಕು, ಬೀಗ ಬೀಗದ ಪಾಡಿಗೆ ನೇತಾಡುತ್ತಿರುತ್ತದೆ. ಕೊಂಡಿ ಸಡಿಲ ಇದ್ದರೆ ವಾರ್ಡನ್‌ಗೆ ಹೇಳಿ ನಟ್ಟು ಬೋಲ್ಟು ಹಾಕಿಸಿ. ನಂಬರ್ ತಿರುಗಿಸುವ ಸಣ್ಣ ಬೀಗಗಳು ಬ್ಯಾಗಿನ ಜಿಪ್ಪಿಗೆ ಸರಿ, ಟ್ರಂಕಿಗೆ ಬೇಡ.

ಇನ್ನೊಂದು, ಕೀಲಿಕೈ ಎಲ್ಲಿಡುತ್ತೀರಿ? ಮೂರು ಜನರ ರೂಮಿಗೆ ಒಂದೇ ಕೀ ಇದ್ದರೆ ಅದು ಬಾಗಿಲ ಚೌಕಟ್ಟಿನ ಮೇಲೆ, ಶೂ ಒಳಗೆ, ಇಲ್ಲವೇ ಮೀಟರ್ ಬೋರ್ಡಿನ ಹಿಂದೆ ಇರುತ್ತದೆ. ಇದು ನಿಮಗೆ ಗೊತ್ತು, ನನಗೆ ಗೊತ್ತು, ಕಳ್ಳನಿಗೂ ಗೊತ್ತು. ತಲೆಗೊಂದು ಕೀ ಮಾಡಿಸಿಕೊಳ್ಳಿ.

"ಲೈಬ್ರರಿ ಒಳಗೆ ಬ್ಯಾಗ್ ಬಿಡಲ್ಲ. ಎಕ್ಸಾಮ್ ಹಾಲ್‌ಗೂ ಬಿಡಲ್ಲ. ಹೊರಗಿಟ್ರೆ ಹೋಗತ್ತೆ. ನಾವೇನು ಮಾಡೋದು?"

ಕ್ಯಾಂಪಸ್ ಕಳ್ಳತನದ ಗುಟ್ಟೆಲ್ಲ ಈ ಪ್ರಶ್ನೆಯಲ್ಲೇ ಇದೆ. ಪರೀಕ್ಷೆ ದಿನ ಹಾಲ್ ಮುಂದೆ ನೂರಾರು ಬ್ಯಾಗು ರಾಶಿ ಬಿದ್ದಿರುತ್ತವೆ. ಒಳಗಿರುವವರು ಮೂರು ಗಂಟೆ ಹೊರಗೆ ಬರುವುದಿಲ್ಲ. ಆ ರಾಶಿಯಲ್ಲಿ ಯಾರಾದರೂ ಬಗ್ಗಿ ಬ್ಯಾಗ್ ತಡಕಾಡುತ್ತಿದ್ದರೆ, ತನ್ನ ಬ್ಯಾಗನ್ನೇ ಹುಡುಕುತ್ತಿದ್ದಾನೆ ಅಂತ ಅಂದುಕೊಳ್ಳುತ್ತೇವೆ ಅಲ್ವಾ? ಬೀಗ ಮುರಿಯಬೇಕಿಲ್ಲ, ಓಡಬೇಕಿಲ್ಲ. ಬೇಗ ಬರೆದು ಹೊರಬಂದವನ ಹಾಗೆ ನಡೆದು ಹೋದರೆ ಮುಗಿಯಿತು.

ಪರೀಕ್ಷೆ ದಿನ ಬ್ಯಾಗನ್ನೇ ತರದಿರುವುದು ಒಳ್ಳೆಯದು. ಹಾಲ್ ಟಿಕೆಟ್, ಪೆನ್ನು, ಕ್ಯಾಲ್ಕುಲೇಟರ್, ನೀರಿನ ಬಾಟಲು ಕೈಯಲ್ಲಿ ಹಿಡಿದು ಬನ್ನಿ. ಹಳ್ಳಿಯಿಂದ ಬಸ್ಸಿಗೆ ಬರುವವರಿಗೆ ಫೋನು ಬೇಕೇ ಬೇಕು. ಅವರು ಹಾಸ್ಟೆಲ್ ಗೆಳೆಯರ ರೂಮಿನಲ್ಲಿ ಇಟ್ಟು ಬರಲಿ, ಅಥವಾ ಡಿಪಾರ್ಟ್‌ಮೆಂಟಿನಲ್ಲಿ ಚೀಟಿ ಅಂಟಿಸಿ ಕೊಡುವ ಏರ್ಪಾಡು ಮಾಡಿಸಿಕೊಳ್ಳಲಿ. ಒಬ್ಬ ಅಟೆಂಡರ್, ಒಂದು ಬೀರು, ಒಂದು ಟೋಕನ್ ಪುಸ್ತಕ ಇದ್ದರೆ ಕಾಲೇಜಿಗೆ ಇದೇನು ದೊಡ್ಡ ಖರ್ಚಲ್ಲ. ಕ್ಲಾಸ್ ಪ್ರತಿನಿಧಿಗಳು ಸೇರಿ ಬರೆದುಕೊಟ್ಟರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಬಾಯಿಮಾತಿನಲ್ಲಿ ಕೇಳಿದರೆ ಮುಂದಿನ ಸೆಮಿಸ್ಟರ್ ಬರುತ್ತದೆ, ಅಷ್ಟೇ.

ಲೈಬ್ರರಿಯಲ್ಲಿ ಅಪಾಯ ಬೇರೆ ಥರ. ಓದುವ ಮೇಜಿನ ಮೇಲೆ ಲ್ಯಾಪ್‌ಟಾಪ್ ಬಿಟ್ಟು, ಪಕ್ಕದವರಿಗೆ "ಸ್ವಲ್ಪ ನೋಡ್ಕೊಳ್ಳಿ" ಅಂತ ಹೇಳಿ ಟೀ ಕುಡಿಯಲು ಹೋಗುತ್ತಾರೆ. ಪಕ್ಕದವರು ಯಾರು ಅಂತಲೇ ಗೊತ್ತಿರುವುದಿಲ್ಲ. ಟೀಗೆ ಹೋಗುವಾಗ ಲ್ಯಾಪ್‌ಟಾಪ್ ಜೊತೆಗೇ ಬರಲಿ.

"ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಾಸ್ಟೆಲ್‌ನಲ್ಲೇ ಇಟ್ಕೋಬಹುದಾ?"

ಬೇಡ. ಮನೆಯ ಬೀರುವಿನಲ್ಲಿರಲಿ. ಡಿಜಿಲಾಕರ್‌ನಲ್ಲಿ ಸಿಗುವುದನ್ನೆಲ್ಲ ಅಲ್ಲಿ ಇಳಿಸಿಕೊಳ್ಳಿ, ಉಳಿದದ್ದಕ್ಕೆ ಜೆರಾಕ್ಸ್ ಸಾಕು.

## ರೂಮು, ಬೈಕು, ದಾರಿ

"ಏಪ್ರಿಲ್‌ನಲ್ಲಿ ಕಿಟಕಿ ಹಾಕಿ ಮಲಗೋಕೆ ಆಗತ್ತಾ? ದಾವಣಗೆರೆ ಬಿಸಿಲು ನಿಮಗೆ ಗೊತ್ತಿಲ್ವಾ?"

ಚೆನ್ನಾಗಿ ಗೊತ್ತು. ಕಿಟಕಿ ಮುಚ್ಚಿ ಅಂತ ಯಾರೂ ಹೇಳುತ್ತಿಲ್ಲ. ಕಿಟಕಿ ಹತ್ತಿರ ಏನೂ ಇಡಬೇಡಿ, ಅಷ್ಟೇ. ನೆಲಮಹಡಿ ರೂಮುಗಳಲ್ಲಿ ಆಗುವುದು ಹೀಗೆ: ಪ್ಲಗ್ ಪಾಯಿಂಟು ಕಿಟಕಿ ಪಕ್ಕದಲ್ಲೇ ಇರುತ್ತದೆ. ಫೋನ್ ಚಾರ್ಜಿಗೆ ಹಾಕಿ ಕಿಟಕಿ ಕಟ್ಟೆಯ ಮೇಲಿಟ್ಟು ಮಲಗುತ್ತಾರೆ. ಸರಳಿನ ಸಂದಿಯಲ್ಲಿ ಕೈ ತೂರದಿದ್ದರೂ ತುದಿಗೆ ಕೊಕ್ಕೆ ಕಟ್ಟಿದ ಕೋಲು ತೂರುತ್ತದೆ. ಗೂಟಕ್ಕೆ ನೇತುಹಾಕಿದ ಪ್ಯಾಂಟು, ಅದರ ಜೇಬಿನಲ್ಲಿರುವ ಪರ್ಸು ಕೂಡ ಹಾಗೇ ಹೋಗುವುದು. ಬೆಳಿಗ್ಗೆ ಎದ್ದಾಗ ಬಾಗಿಲಿನ ಚಿಲಕ ಹಾಕಿದ ಹಾಗೇ ಇರುತ್ತದೆ. ಅಲ್ಲಿಗೆ ಎಲ್ಲರ ಕಣ್ಣೂ ರೂಂಮೇಟ್ ಮೇಲೆ.

ಒಂದು ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಫೋನನ್ನು ಮಂಚದ ಒಳಬದಿಗೆ, ತಲೆದಿಂಬಿನಿಂದ ಸ್ವಲ್ಪ ದೂರ ಇಡಿ. ಕಿಟಕಿಗೆ ಸೊಳ್ಳೆ ಪರದೆಯ ಜಾಲರಿ ಹೊಡೆಸಿದರೆ ಕೋಲು ಒಳಗೆ ಬರುವುದಿಲ್ಲ. ಸೊಳ್ಳೆಯೂ ಬರುವುದಿಲ್ಲ, ಅದು ಬಿಟ್ಟಿ ಲಾಭ.

"ಹ್ಯಾಂಡಲ್ ಲಾಕ್ ಹಾಕಿದ್ರೆ ಸಾಲದಾ?"

ಹ್ಯಾಂಡಲ್ ಲಾಕನ್ನು ಜೋರಾಗಿ ತಿರುಗಿಸಿ ಮುರಿಯುವವರಿದ್ದಾರೆ. ಹಳೇ ಗಾಡಿಗಳ ಕೀಲಿ ಸವೆದಿದ್ದರೆ ಬೇರೆ ಗಾಡಿಯ ಕೀ ಕೂಡ ತಿರುಗುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಡಿಸ್ಕ್ ಲಾಕ್, ಇಲ್ಲದಿದ್ದರೆ ಚಕ್ರಕ್ಕೂ ಕಂಬಕ್ಕೂ ಸೇರಿಸಿ ಚೈನು ಹಾಕಿ. ಕಳ್ಳನಿಗೆ ಬೇಕಾಗಿರುವುದು ಬೇಗ ಮುಗಿಯುವ ಕೆಲಸ. ಪಕ್ಕದಲ್ಲಿ ಚೈನಿಲ್ಲದ ಗಾಡಿ ಇದ್ದರೆ ಅವನು ಅದರ ಹತ್ತಿರ ಹೋಗುತ್ತಾನೆ. ಕಟುವಾದ ಮಾತು, ಆದರೆ ನಿಜ.

ಮರದ ನೆರಳು ಹುಡುಕಿಕೊಂಡು ಕಾಂಪೌಂಡಿನ ಮೂಲೆಯಲ್ಲಿ ನಿಲ್ಲಿಸುವ ಚಟ ಬಿಡಿ. ಸೀಟು ಸುಟ್ಟರೂ ಪರವಾಗಿಲ್ಲ, ವಾಚ್‌ಮನ್ ಕಣ್ಣಿಗೆ ಬೀಳುವ ಕಡೆ ನಿಲ್ಲಿಸಿ. ರಾತ್ರಿ ಬೆಣ್ಣೆದೋಸೆಗೆ ಅಂತ ಹೋದವರು ಪಾರ್ಸೆಲ್ ತರುವಷ್ಟರಲ್ಲಿ ಏನಾಗುತ್ತೆ ಅಂತ ಕೀ ಗಾಡಿಯಲ್ಲೇ ಬಿಡುತ್ತಾರೆ. ದಾವಣಗೆರೆಯಲ್ಲಿ ದೋಸೆಗೆ ಎಷ್ಟು ಹೊತ್ತು ಕಾಯಬೇಕು ಅಂತ ಗೊತ್ತಿದ್ದೂ ಹಾಗೆ ಮಾಡುತ್ತಾರೆ!

ಒರಿಜಿನಲ್ ಆರ್‌ಸಿ ಡಿಕ್ಕಿಯಲ್ಲಿಡಬೇಡಿ. ಪೊಲೀಸರು ತಡೆದರೆ ಡಿಜಿಲಾಕರ್‌ನಲ್ಲಿರುವುದನ್ನು ತೋರಿಸಿದರೆ ನಡೆಯುತ್ತದೆ.

"ರಾತ್ರಿ ಟ್ರೈನ್ ಇಳಿದು ಒಬ್ಬಳೇ ಹಾಸ್ಟೆಲ್‌ಗೆ ಹೋಗ್ಬೇಕು. ಭಯ ಆಗತ್ತೆ."

ತೀರಾ ಅಪರಾತ್ರಿ ಆಗಿದ್ದರೆ, ಬೆಳಗಾಗುವ ತನಕ ಸ್ಟೇಷನ್ನಿನ ವೇಟಿಂಗ್ ರೂಮಿನಲ್ಲಿ ಕೂರುವುದರಲ್ಲಿ ಅವಮಾನ ಏನೂ ಇಲ್ಲ. ಹೊರಡಲೇಬೇಕು ಅಂದರೆ ಆಟೋ ಹತ್ತುವ ಮುಂಚೆ ನಂಬರ್ ಪ್ಲೇಟಿನ ಫೋಟೋ ತೆಗೆದು ಮನೆಗೆ ಕಳಿಸಿ. ಡ್ರೈವರ್‌ಗೆ ಕಾಣುವ ಹಾಗೇ ತೆಗೆಯಿರಿ, ಒಳ್ಳೆಯವರು ಬೇಜಾರು ಮಾಡಿಕೊಳ್ಳುವುದಿಲ್ಲ. ವಾಟ್ಸಾಪಿನಲ್ಲಿ ಲೈವ್ ಲೊಕೇಷನ್ ಹಾಕಿ. ಹಾಸ್ಟೆಲ್ ಗೇಟ್ ತೆಗೆಯುವವರಿಗೆ ಮೊದಲೇ ಫೋನ್ ಮಾಡಿ ತಿಳಿಸಿ. ಎಲ್ಲ ಮುಗಿಸಿ ಬಂದು ಮುಚ್ಚಿದ ಗೇಟಿನ ಮುಂದೆ ನಿಲ್ಲುವ ಹದಿನೈದು ನಿಮಿಷವೇ ಜಾಸ್ತಿ ಕಷ್ಟದ್ದು.

ತೊಂದರೆ ಅನ್ನಿಸಿದರೆ 112ಕ್ಕೆ ಫೋನ್ ಮಾಡಿ. ಪೊಲೀಸ್, ಆಂಬುಲೆನ್ಸ್, ಅಗ್ನಿಶಾಮಕ ಎಲ್ಲಕ್ಕೂ ಅದೊಂದೇ ನಂಬರ್. ರೈಲಿನೊಳಗೆ ಏನಾದರೂ ಆದರೆ 139. ಮಹಿಳಾ ಸಹಾಯವಾಣಿ 181.

"ಬಸ್ ಹತ್ತೋವಾಗ್ಲೇ ಪರ್ಸ್ ಹೋಯ್ತು. ಗೊತ್ತೇ ಆಗ್ಲಿಲ್ಲ."

ಗೊತ್ತಾಗದ ಹಾಗೆ ತೆಗೆಯುವುದೇ ಅವರ ಕೆಲಸ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಬಾಗಿಲಿನಲ್ಲಿ ಹೆಣ್ಣುಮಕ್ಕಳ ನೂಕುನುಗ್ಗಲು ಜಾಸ್ತಿಯಾಗಿದೆ. ಆಧಾರ್ ಕಾರ್ಡ್ ಕೈಯಲ್ಲಿ ಮೊದಲೇ ತೆಗೆದಿಟ್ಟುಕೊಳ್ಳಿ, ಬಾಗಿಲಲ್ಲಿ ನಿಂತು ಪರ್ಸ್ ಬಿಚ್ಚಬೇಡಿ. ಬ್ಯಾಗು ಬೆನ್ನಿನಿಂದ ಎದೆಗೆ ಬರಲಿ. ದುಗ್ಗಮ್ಮನ ಜಾತ್ರೆಯ ಗದ್ದಲದಲ್ಲೂ, ಕಾಲೇಜ್ ಫೆಸ್ಟಿನಲ್ಲೂ ಇಷ್ಟೇ.

## ವಸ್ತು ಹೋದ ದಿನ

"ಫೋನ್ ಹೋಯ್ತು! ಮೊದಲು ಏನ್ ಮಾಡ್ಲಿ?"

ಮೊದಲು ಬೇರೆಯವರ ಫೋನಿಂದ ನಿಮ್ಮ ನಂಬರಿಗೆ ಒಂದು ಸಲ ಕರೆ ಮಾಡಿ. ಕ್ಯಾಂಟೀನಿನವರ ಕೈಯಲ್ಲಿ ಸಿಕ್ಕಿರಬಹುದು. ಸ್ವಿಚ್ ಆಫ್ ಬಂತು, ಅಥವಾ ಎತ್ತಿ ಕಟ್ ಮಾಡಿದರು ಅಂದರೆ ತಡ ಮಾಡಬೇಡಿ.

ಗೆಳೆಯರ ಫೋನಿನಲ್ಲಿ ನಿಮ್ಮ ಗೂಗಲ್ ಖಾತೆ ತೆರೆದು ಫೈಂಡ್ ಹಬ್‌ಗೆ ಹೋಗಿ (ಮೊದಲು ಇದರ ಹೆಸರು ಫೈಂಡ್ ಮೈ ಡಿವೈಸ್). ಫೋನನ್ನು ಅಲ್ಲಿಂದಲೇ ಲಾಕ್ ಮಾಡಬಹುದು. ಐಫೋನಿಗೆ ಫೈಂಡ್ ಮೈ ಇದೆ. ಆಮೇಲೆ ಸಿಮ್ ಕಂಪನಿಗೆ ಹೇಳಿ ಸಿಮ್ ಬ್ಲಾಕ್ ಮಾಡಿಸಿ. ಆಮೇಲೆ ಬ್ಯಾಂಕಿಗೆ ಹೇಳಿ ಯುಪಿಐ, ಕಾರ್ಡು ನಿಲ್ಲಿಸಿ. ಖಾತೆಯಿಂದ ದುಡ್ಡು ಹೋಗಿದ್ದರೆ ತಕ್ಷಣ 1930. ಸೈಬರ್ ವಂಚನೆಗೆ ಇರುವ ಸಹಾಯವಾಣಿ ಅದು. ಹಣ ಖಾತೆಯಿಂದ ಖಾತೆಗೆ ಹಾರುವ ಮುಂಚೆ ತಡೆಯಲು ಆಗುವುದು ಮೊದಲ ಒಂದೆರಡು ಗಂಟೆಯಲ್ಲಿ. ಬ್ಯಾಂಕಿಗೂ ಅವತ್ತೇ ಬರೆದು ತಿಳಿಸಿ, ದೂರಿನ ನಂಬರ್ ಇಟ್ಟುಕೊಳ್ಳಿ.

ಮ್ಯಾಪಿನಲ್ಲಿ ಫೋನು ಎಲ್ಲೋ ಕಾಣಿಸಿತು ಅಂತ ನಾಲ್ಕು ಜನ ಗೆಳೆಯರನ್ನು ಕಟ್ಟಿಕೊಂಡು ಅಲ್ಲಿಗೆ ಓಡಬೇಡಿ. ಆ ಚುಕ್ಕಿ ಒಂದು ಮನೆ ತೋರಿಸಿದರೂ ಫೋನು ಪಕ್ಕದ ಮನೆಯಲ್ಲಿರಬಹುದು. ಸ್ಕ್ರೀನ್‌ಶಾಟ್ ತೆಗೆದು ಪೊಲೀಸರಿಗೆ ಕೊಡಿ.

ಫೋನು ಇನ್ನೂ ಕೈಯಲ್ಲಿರುವವರಿಗೆ ಒಂದು ಮಾತು. *#06# ಒತ್ತಿ, ಬರುವ 15 ಅಂಕಿಯ ಐಎಂಇಐ ನಂಬರನ್ನು (ಪ್ರತಿ ಫೋನಿಗೂ ಬೇರೆಬೇರೆ ಇರುವ ಗುರುತಿನ ನಂಬರ್ ಅದು) ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಎರಡು ಸಿಮ್ ಇದ್ದರೆ ಎರಡು ನಂಬರ್ ಬರುತ್ತವೆ. ಅದೇ ಫೋನಿನಲ್ಲಿ ಸೇವ್ ಮಾಡಿ ಇಟ್ಟವರನ್ನೂ ನೋಡಿದ್ದೇನೆ, ಏನು ಹೇಳುವುದು! ಇನ್ನೊಂದು, ಸೆಟ್ಟಿಂಗ್ಸಿನಲ್ಲಿ ಸಿಮ್ ಲಾಕ್ ಹಾಕಿ. ಫೋನ್ ಲಾಕ್ ಆಗಿದ್ದರೂ ಕಳ್ಳ ನಿಮ್ಮ ಸಿಮ್ ತೆಗೆದು ಬೇರೆ ಫೋನಿಗೆ ಹಾಕಿದರೆ ಓಟಿಪಿ ಎಲ್ಲ ಅವನಿಗೆ ಬರುತ್ತದೆ. ಸಿಮ್ ಪಿನ್ ಇದ್ದರೆ ಬರುವುದಿಲ್ಲ. ಮೂರು ಸಲ ತಪ್ಪು ಪಿನ್ ಒತ್ತಿದರೆ ಸಿಮ್ ಲಾಕ್ ಆಗಿ ಅದನ್ನು ಬಿಡಿಸಲು ಕಂಪನಿಯಿಂದ ಪಿಯುಕೆ ಅನ್ನುವ ನಂಬರ್ ಕೇಳಬೇಕಾಗುತ್ತದೆ. ಅದಕ್ಕೇ ಪಿನ್ ಕೂಡ ನೋಟ್‌ಬುಕ್ಕಿನಲ್ಲಿರಲಿ.

"ಕಳುವಾಗಿದೆ ಅಂತ ಬರೀಲಾ, ಕಳೆದುಹೋಗಿದೆ ಅಂತ ಬರೀಲಾ?"

ನಡೆದದ್ದನ್ನು ಬರೆಯಿರಿ. ಎಲ್ಲೋ ಬಿದ್ದುಹೋಗಿದ್ದರೆ ಕರ್ನಾಟಕ ಪೊಲೀಸರ ಇ-ಲಾಸ್ಟ್ ಸೇವೆಯಲ್ಲಿ ಆನ್‌ಲೈನ್ ಮೂಲಕವೇ ದೂರು ಕೊಟ್ಟು ಸ್ವೀಕೃತಿ ಪಡೆಯಬಹುದು. ಡುಪ್ಲಿಕೇಟ್ ಸಿಮ್ಮಿಗೆ, ಐಡಿ ಕಾರ್ಡಿಗೆ ಅದು ಸಾಕು. ಯಾರೋ ತೆಗೆದುಕೊಂಡು ಹೋಗಿದ್ದಾರೆ ಅಂತ ಗೊತ್ತಿದ್ದರೆ ಅದು ಕಳವು. ಠಾಣೆಗೆ ಹೋಗಿ ದೂರು ಕೊಡಿ. ಕೆಲಸ ಬೇಗ ಆಗಲಿ ಅಂತ "ಕಳೆದುಹೋಗಿದೆ" ಅಂತ ಬರೆದುಕೊಟ್ಟು, ಆಮೇಲೆ ಕಳವಿನ ವಿಮೆ ಕೇಳಲು ಹೋದರೆ ಆ ಕಾಗದವೇ ಅಡ್ಡ ಬರುತ್ತದೆ.

2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಜಾರಿಯಲ್ಲಿದೆ. ಸಾದಾ ಕಳ್ಳತನಕ್ಕೆ 303ನೇ ಕಲಂ. ವಸ್ತುವಿನ ಬೆಲೆ 5000 ರೂಪಾಯಿಗಿಂತ ಕಡಿಮೆ ಇದ್ದರೆ ಅದು ಅಸಂಜ್ಞೇಯ ಅಪರಾಧ. ಅಂದರೆ ಮ್ಯಾಜಿಸ್ಟ್ರೇಟರ ಅನುಮತಿ ಇಲ್ಲದೆ ಪೊಲೀಸರು ತನಿಖೆ ಶುರು ಮಾಡುವ ಹಾಗಿಲ್ಲ. ಕ್ಯಾಲ್ಕುಲೇಟರಿನ ದೂರಿಗೆ ಎಫ್‌ಐಆರ್ ಯಾಕೆ ಹಾಕಲಿಲ್ಲ ಅಂತ ಕೇಳುವವರಿಗೆ ಉತ್ತರ ಇದು. ಆದರೆ ಜನ ವಾಸ ಮಾಡುವ ಕಟ್ಟಡದಲ್ಲಿ ಕಳುವಾದರೆ 305ನೇ ಕಲಂ, 7 ವರ್ಷದವರೆಗೆ ಶಿಕ್ಷೆ ಇದೆ. ಹಾಸ್ಟೆಲ್ ರೂಮಿನಿಂದ ಹೋಗಿದ್ದರೆ ದೂರಿನಲ್ಲಿ "ನಾನು ವಾಸವಿರುವ ಹಾಸ್ಟೆಲ್ ಕೊಠಡಿಯಿಂದ" ಅಂತ ಸ್ಪಷ್ಟವಾಗಿ ಬರೆಯಿರಿ.

"ನಮ್ಮ ಲಿಮಿಟ್ ಅಲ್ಲ, ಬೇರೆ ಸ್ಟೇಷನ್‌ಗೆ ಹೋಗು ಅಂದ್ರು."

ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು, ಅವರೇ ಸರಿಯಾದ ಠಾಣೆಗೆ ಕಳಿಸಬೇಕು. ಅದನ್ನೇ ಝೀರೋ ಎಫ್‌ಐಆರ್ ಅನ್ನುವುದು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನಲ್ಲಿ ಇದಿದೆ. ಆನ್‌ಲೈನ್‌ನಲ್ಲಿ ದೂರು ಕಳಿಸಿದರೆ ಮೂರು ದಿನದೊಳಗೆ ಠಾಣೆಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿ ನಿಮಗೆ ಉಚಿತ. ತೆಗೆದುಕೊಳ್ಳಲೇ ಇಲ್ಲ ಅಂದರೆ ಎಸ್‌ಪಿ ಅವರಿಗೆ ಬರವಣಿಗೆಯಲ್ಲಿ ಕಳಿಸಿ.

ಇದನ್ನೆಲ್ಲ ಕೌಂಟರಿನಲ್ಲಿ ನಿಂತು ಕಾನೂನು ಪಾಠದ ಹಾಗೆ ಹೇಳಲು ಹೋಗಬೇಡಿ. ನೀಟಾಗಿ ಬರೆದ ದೂರು, ಬಿಲ್ಲಿನ ಜೆರಾಕ್ಸ್, ಐಎಂಇಐ ನಂಬರ್ ಹಿಡಿದು, ಕಾಲೇಜಿನ ಒಬ್ಬ ಮೇಷ್ಟ್ರನ್ನು ಜೊತೆಗೆ ಕರೆದುಕೊಂಡು ಹೋದರೆ ಬಹಳ ಸಲ ಕೆಲಸ ಸುಲಭವಾಗುತ್ತದೆ. ದೂರಿನ ಎರಡನೇ ಪ್ರತಿಗೆ ಸೀಲು, ಸಹಿ ಹಾಕಿಸಿಕೊಳ್ಳದೆ ಬರಬೇಡಿ.

"ಸಿಇಐಆರ್‌ನಲ್ಲಿ ಬ್ಲಾಕ್ ಮಾಡಿದ್ರೆ ಪೊಲೀಸರಿಗೆ ಟ್ರೇಸ್ ಆಗಲ್ವಂತೆ, ಹೌದಾ?"

ಇಲ್ಲ, ತಪ್ಪು ತಿಳಿವಳಿಕೆ. ಸಿಇಐಆರ್ ಅಂದರೆ ಹೋದ ಫೋನನ್ನು ಐಎಂಇಐ ನಂಬರ್ ಮೇಲೆ ಬ್ಲಾಕ್ ಮಾಡುವ ಸರ್ಕಾರಿ ವ್ಯವಸ್ಥೆ. ಬ್ಲಾಕ್ ಆದ ಫೋನಿಗೆ ಯಾರಾದರೂ ಹೊಸ ಸಿಮ್ ಹಾಕಿದರೆ ಆ ಮಾಹಿತಿ ಪೊಲೀಸರಿಗೆ ಸಿಗುತ್ತದೆ. ಫೋನಿಗೆ ನೆಟ್‌ವರ್ಕ್ ಮಾತ್ರ ಸಿಗುವುದಿಲ್ಲ. ಈ ವ್ಯವಸ್ಥೆ 2023ರ ಮೇ ತಿಂಗಳಿಂದ ದೇಶದ ಎಲ್ಲ ಕಡೆ ಇದೆ, ಸಂಚಾರ್ ಸಾಥಿ ಜಾಲತಾಣದಲ್ಲಿ ಸಿಗುತ್ತದೆ. ದೂರಿನ ಪ್ರತಿ, ಗುರುತಿನ ಚೀಟಿ, ಓಟಿಪಿಗೆ ಒಂದು ನಂಬರ್ ಬೇಕು. ಡುಪ್ಲಿಕೇಟ್ ಸಿಮ್ ತೆಗೆದುಕೊಂಡ ಮೊದಲ 24 ಗಂಟೆ ಎಸ್ಎಂಎಸ್ ಬರದೇ ಇರಬಹುದು, ಗಾಬರಿ ಬೇಡ. ಫೋನ್ ವಾಪಸ್ ಸಿಕ್ಕ ಮೇಲೆ ಅಲ್ಲೇ ಅನ್‌ಬ್ಲಾಕ್ ಮಾಡಲು ಮರೆಯಬೇಡಿ.

"ಸಿಸಿಟಿವಿ ಇದೆ ಅಂತಾರೆ. ಕೇಳಿದ್ರೆ ಪ್ರಿನ್ಸಿಪಾಲ್ ಊರಲ್ಲಿಲ್ಲ ಅಂತಾರೆ."

ಪ್ರಿನ್ಸಿಪಾಲರು ಬರುವ ತನಕ ಕ್ಯಾಮೆರಾ ಕಾಯುವುದಿಲ್ಲ. ಡಿವಿಆರ್ ತುಂಬಿದ ಮೇಲೆ ಹಳೆಯದರ ಮೇಲೆ ಹೊಸದು ಬರೆಯುತ್ತಾ ಹೋಗುತ್ತದೆ. ಎಷ್ಟು ದಿನದ್ದು ಉಳಿಯುತ್ತದೆ ಅನ್ನುವುದು ಕ್ಯಾಮೆರಾ ಎಷ್ಟಿವೆ, ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದು ಅನ್ನುವುದರ ಮೇಲೆ. ನೀವು ನೋಡಬೇಕು ಅಂತ ಹಟ ಹಿಡಿಯಬೇಡಿ. ಅದರಲ್ಲಿ ಬೇರೆ ಮಕ್ಕಳೂ ಇರುತ್ತಾರೆ, ಕೊಡದಿರುವುದಕ್ಕೆ ಕಾರಣ ಇದೆ. ಅವತ್ತೇ ಆಫೀಸಿಗೆ ಪತ್ರ ಕೊಡಿ: ಇಂಥ ತಾರೀಕು, ಇಷ್ಟು ಗಂಟೆಯಿಂದ ಇಷ್ಟು ಗಂಟೆ, ಇಂಥ ಕ್ಯಾಮೆರಾ, ಪೊಲೀಸರಿಗೆ ಬೇಕಾಗುವುದರಿಂದ ಅಳಿಸದೆ ಕಾಪಿ ಮಾಡಿ ಇಡಿ. ಇನ್ವರ್ಡ್ ನಂಬರ್ ಹಾಕಿಸಿಕೊಳ್ಳಿ. ಕ್ಯಾಮೆರಾದ ಗಡಿಯಾರ ಸರಿಯಾದ ಟೈಮಿಗಿಂತ ಎಷ್ಟು ಹಿಂದೆ ಮುಂದೆ ಇದೆ ಅಂತಲೂ ಕೇಳಿ ಬರೆದುಕೊಳ್ಳಿ. ಕರೆಂಟು ಹೋಗಿ ಬಂದ ಕಡೆಯೆಲ್ಲ ಆ ಗಡಿಯಾರ ತನ್ನದೇ ಲೋಕದಲ್ಲಿರುತ್ತದೆ.

## ಕಷ್ಟದ ಪ್ರಶ್ನೆಗಳು

"ರೂಂಮೇಟ್ ಮೇಲೇ ಅನುಮಾನ. ಅವನಿಲ್ಲದಾಗ ಟ್ರಂಕ್ ತೆಗೆದು ನೋಡ್ಲಾ?"

ಬೇಡ. ಸಿಕ್ಕರೆ ಅದನ್ನು ನೀವೇ ಇಟ್ಟಿರಿ ಅಂತ ಅವನು ಹೇಳಬಹುದು. ಸಿಗದಿದ್ದರೆ ಬೀಗ ತೆಗೆದವರು ನೀವಾಗುತ್ತೀರಿ. ನೋಡಲೇಬೇಕು ಅಂದರೆ ವಾರ್ಡನ್ ಬರಲಿ, ಇಡೀ ರೂಮನ್ನು, ನಿಮ್ಮ ಟ್ರಂಕನ್ನೂ ಸೇರಿಸಿ, ಅವರವರ ಮುಂದೆಯೇ ತೆಗೆದು ನೋಡಲಿ.

ಅನುಮಾನ ಯಾರ ಮೇಲೆ ಬೀಳುತ್ತದೆ ಅನ್ನುವುದನ್ನೂ ಯೋಚನೆ ಮಾಡಿ. ಯಾವಾಗಲೂ ಒಂದೇ ಥರದವರ ಮೇಲೆ. ಬಡವರ ಮನೆಯ ಹುಡುಗ, ಮೆಸ್ಸಿನಲ್ಲಿ ತಟ್ಟೆ ತೊಳೆಯುವವನು, ಕಸ ಗುಡಿಸುವ ಅಮ್ಮ, ಮೊನ್ನೆ ಹೊಸ ಶರ್ಟು ತಂದವನು. ಪಕ್ಕಾ ಗೊತ್ತಿರುವ ಸಂಗತಿ ಎಷ್ಟು, ನಾವು ಕಟ್ಟಿಕೊಂಡಿದ್ದು ಎಷ್ಟು ಅಂತ ಒಂದು ಹಾಳೆಯಲ್ಲಿ ಎರಡು ಕಾಲಂ ಮಾಡಿ ಬರೆಯಲು ಹೇಳುತ್ತೇನೆ. ಮೊದಲನೇ ಕಾಲಂ ಎರಡು ಸಾಲಿಗೆ ನಿಂತುಬಿಡುತ್ತದೆ. ಒಬ್ಬ ಹುಡುಗನಿಗೆ ಕಳ್ಳ ಅಂತ ಹೆಸರು ಬಿದ್ದರೆ ಫೋನು ಆಮೇಲೆ ಸಿಕ್ಕರೂ ಆ ಹೆಸರು ಹೋಗುವುದಿಲ್ಲ. ಕ್ಲಾಸಿನ ವಾಟ್ಸಾಪ್ ಗುಂಪಿನಲ್ಲಂತೂ ಯಾರ ಹೆಸರನ್ನೂ ಹಾಕಬೇಡಿ, ಮಾನಹಾನಿ ಕೇಸು ಬೀಳಬಹುದು.

ಆಣೆ ಮಾಡಿಸುವುದು, ದೇವಸ್ಥಾನಕ್ಕೆ ಕರೆದೊಯ್ಯುವುದು, ಶಾಸ್ತ್ರ ಕೇಳುವುದು, ಇದೆಲ್ಲ ಇನ್ನೂ ನಡೆಯುತ್ತದೆ. ಭಯಕ್ಕೆ ಯಾರೋ ವಸ್ತು ತಂದಿಟ್ಟ ಕತೆಗಳೂ ಇವೆ. ಆದರೆ ಹೆದರಿ ಮುಖ ಬಾಡಿದ್ದು ಯಾರದ್ದು ಅಂತ ನೋಡಿ ಕಳ್ಳನನ್ನು ಹಿಡಿಯುವ ಪದ್ಧತಿಯಲ್ಲಿ ಸಿಕ್ಕಿಬೀಳುವುದು ಪಾಪದವರೇ. ನನಗಂತೂ ಒಪ್ಪಿಗೆ ಇಲ್ಲ.

ಇಷ್ಟು ಮಾಡಬಹುದು: ನಾಳೆ ಬೆಳಿಗ್ಗೆ ತನಕ ವಸ್ತುವನ್ನು ಇಂಥ ಕಡೆ ಇಟ್ಟರೆ ಯಾರೂ ಏನೂ ಕೇಳುವುದಿಲ್ಲ, ಆಮೇಲೆ ಪೊಲೀಸ್ ದೂರು ಅಂತ ವಾರ್ಡನ್ ಹೇಳಲಿ. ಇಡಲು ಕ್ಯಾಮೆರಾ ಇಲ್ಲದ ಜಾಗ ಆರಿಸಲಿ. ಸಣ್ಣ ವಸ್ತುಗಳು ಹೀಗೆ ಎಷ್ಟೋ ಸಲ ವಾಪಸ್ ಬಂದಿವೆ.

"ಕಳ್ಳ ಸಿಕ್ಕ. ಹುಡುಗರು ನಾಲ್ಕು ಬಿಟ್ರು. ಅದು ತಪ್ಪಾ?"

ತಪ್ಪು. ಹಿಡಿದು ಕೂರಿಸಿ 112ಕ್ಕೆ ಫೋನ್ ಮಾಡುವುದು ಸರಿ. ಹೊಡೆದರೆ ಹೊಡೆದವರ ಮೇಲೆ ಕೇಸು ಆಗುತ್ತದೆ. ವಿಡಿಯೋವನ್ನು ನೀವೇ ಮಾಡಿರುತ್ತೀರಿ, ಸಾಕ್ಷಿಗೆ ಬೇರೆ ಎಲ್ಲೂ ಹುಡುಕಬೇಕಿಲ್ಲ. ಕೆಲಸಕ್ಕೆ ಸೇರುವಾಗ ಪೊಲೀಸ್ ವೆರಿಫಿಕೇಷನ್ ಇರುತ್ತದೆ ಅನ್ನುವುದು ಆ ಗಳಿಗೆಯಲ್ಲಿ ಯಾರಿಗೂ ನೆನಪಾಗುವುದಿಲ್ಲ.

"ಹಾಸ್ಟೆಲ್ ಹಿಂದೆ ಯಾರೋ ಓಡಾಡ್ತಾರೆ. ಹೇಳಿದ್ರೆ ನಮ್ಮ ಔಟಿಂಗೇ ಬಂದ್ ಮಾಡ್ತಾರೆ. ಅದಕ್ಕೇ ಹೇಳಲ್ಲ."

ಹುಡುಗಿಯರು ಬರೆದುಕೊಟ್ಟ ಚೀಟಿಗಳಲ್ಲಿ ಬೇರೆಬೇರೆ ಮಾತಿನಲ್ಲಿ ಇದೇ ಇರುತ್ತದೆ. ತಪ್ಪು ಮಾಡಿದವನು ಹೊರಗೆ, ಬೀಗ ಬೀಳುವುದು ಒಳಗಿದ್ದವರಿಗೆ. ಆಮೇಲೆ ಯಾರೂ ಬಾಯಿ ಬಿಡುವುದಿಲ್ಲ, ಹಾಸ್ಟೆಲ್‌ನಲ್ಲಿ ಎಲ್ಲ ಸರಿ ಇದೆ ಅಂತ ವಾರ್ಡನ್ ಅಂದುಕೊಳ್ಳುತ್ತಾರೆ. ಗೇಟ್ ಟೈಮ್ ಕಡಿಮೆ ಮಾಡಿದ ಮಾತ್ರಕ್ಕೆ ಹಿಂಬದಿಯ ಗೋಡೆ ಎತ್ತರ ಆಗುವುದಿಲ್ಲ.

ಒಬ್ಬಳೇ ಹೋಗಿ ಹೇಳಬೇಡಿ. ಏಳೆಂಟು ಜನ ಸಹಿ ಹಾಕಿ, ಯಾವ ದಿನ, ಎಷ್ಟು ಗಂಟೆ, ಯಾವ ಕಡೆ ಅಂತ ಬರೆದು, ಕೆಳಗೆ ಏನು ಬೇಕು ಅಂತಲೂ ಬರೆಯಿರಿ: ಹಿಂಬದಿಗೆ ಲೈಟು, ಕಾಂಪೌಂಡಿಗೆ ಒರಗಿದ ಕೊಂಬೆ ಕಡಿಯುವುದು, ರಾತ್ರಿ ಪೊಲೀಸ್ ಬೀಟ್. ಕೇಳಿದ್ದು ಕಾಗದದ ಮೇಲಿದ್ದರೆ ಔಟಿಂಗ್ ಬಂದ್ ಮಾಡಿ ಕೈ ತೊಳೆದುಕೊಳ್ಳುವುದು ಅಷ್ಟು ಸುಲಭವಲ್ಲ. ಹಿಂಬಾಲಿಸುವುದಕ್ಕೆ ನ್ಯಾಯ ಸಂಹಿತೆಯ 78ನೇ ಕಲಂ ಇದೆ, ಕದ್ದು ನೋಡುವುದಕ್ಕೆ, ಫೋಟೋ ತೆಗೆಯುವುದಕ್ಕೆ 77. ಕ್ಯಾಂಪಸ್ಸಿನ ಒಳಗಿನವರೇ ಕಿರುಕುಳ ಕೊಡುತ್ತಿದ್ದರೆ ಕಾಲೇಜಿನ ಆಂತರಿಕ ದೂರು ಸಮಿತಿಗೆ ಬರೆಯಿರಿ. ಅಂಥ ಸಮಿತಿ ಇರಲೇಬೇಕು. ಸದಸ್ಯರು ಯಾರು ಅಂತ ನೋಟಿಸ್ ಬೋರ್ಡಿನಲ್ಲಿ ಇಲ್ಲದಿದ್ದರೆ ಮೊದಲ ಪತ್ರ ಅದನ್ನು ಹಾಕಿಸುವುದಕ್ಕೇ ಇರಲಿ.

"ಸೀನಿಯರ್ ಒಬ್ರು ಅರ್ಧ ರೇಟಿಗೆ ಫೋನ್ ಕೊಡ್ತಿದಾರೆ. ಬಿಲ್ ಇಲ್ವಂತೆ. ತಗೋಬಹುದಾ?"

ಬಿಲ್ಲಿಲ್ಲ, ಬಾಕ್ಸಿಲ್ಲ, ಅರ್ಧ ರೇಟು, ಇಷ್ಟರಲ್ಲೇ ಉತ್ತರ ಇದೆ. ಕದ್ದ ಮಾಲು ಅಂತ ಗೊತ್ತಿದ್ದೂ, ಅಥವಾ ಅನುಮಾನಕ್ಕೆ ಕಾರಣ ಇದ್ದೂ ಕೊಂಡರೆ 317ನೇ ಕಲಂ ಪ್ರಕಾರ ಕೊಂಡವರೂ ತಪ್ಪಿತಸ್ಥರು. ಮೊದಲು ಐಎಂಇಐ ನೋಡಿ. ಇಂಗ್ಲಿಷಿನಲ್ಲಿ ಕೆವೈಎಂ ಅಂತ ಮೂರು ಅಕ್ಷರ ಟೈಪ್ ಮಾಡಿ, ಜಾಗ ಬಿಟ್ಟು 15 ಅಂಕಿ ಹಾಕಿ 14422ಕ್ಕೆ ಎಸ್ಎಂಎಸ್ ಕಳಿಸಿದರೆ ಆ ಫೋನಿನ ವಿವರ, ಬ್ಲಾಕ್ ಆಗಿದೆಯಾ ಅನ್ನುವುದು ಬರುತ್ತದೆ.

"ಬೈಕ್ ಹೋಯ್ತು. ಇನ್ಶೂರೆನ್ಸ್ ಇದೆ. ದುಡ್ಡು ಬರತ್ತಲ್ವಾ?"

ಯಾವ ಇನ್ಶೂರೆನ್ಸ್ ಅಂತ ಮೊದಲು ನೋಡಿ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಕಳ್ಳತನಕ್ಕೆ ಒಂದು ರೂಪಾಯಿಯೂ ಬರುವುದಿಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆ ಒಟ್ಟಿಗೇ ಬರುತ್ತದೆ. ಆದರೆ ನಮ್ಮ ಗಾಡಿಯ ನಷ್ಟಕ್ಕೆ ಸಿಗುವ ಭಾಗ ಬಹಳ ಪಾಲಿಸಿಗಳಲ್ಲಿ ಮೊದಲ ಒಂದು ವರ್ಷಕ್ಕೆ ಮಾತ್ರ. ಕಾಗದದ ಮೇಲೆ 5 ವರ್ಷ ಅಂತ ಕಂಡು ಎಲ್ಲ ಇದೆ ಅಂತ ಸುಮ್ನೆ ಇದ್ದವರಿಗೆ ಬೈಕ್ ಹೋದ ದಿನವೇ ಇದು ತಿಳಿಯುವುದು. ಇವತ್ತೇ ಪಾಲಿಸಿ ತೆಗೆದು ಎರಡು ತಾರೀಕು ನೋಡಿ.

ಫುಲ್ ಇನ್ಶೂರೆನ್ಸ್ ಇದ್ದರೆ ಪೊಲೀಸ್ ದೂರು ಕೊಟ್ಟ ದಿನವೇ ಕಂಪನಿಗೂ ತಿಳಿಸಿ. ಎರಡೂ ಕೀಲಿಕೈ ಕೇಳುತ್ತಾರೆ. ಒಂದು ಕೀ ಕಳೆದುಕೊಂಡು ಹಾಗೇ ಓಡಿಸುತ್ತಿದ್ದರೆ ಅಲ್ಲೇ ತಕರಾರು ಶುರು. ಗಾಡಿ ಪತ್ತೆಯಾಗದಿದ್ದರೆ ಪೊಲೀಸರು ಕೋರ್ಟಿಗೆ ಸಿ ರಿಪೋರ್ಟ್ ಹಾಕುತ್ತಾರೆ, ಅದರ ಪ್ರತಿ ಬೇಕಾಗುತ್ತದೆ. ಅದು ಕೈಗೆ ಬರಲು ತಿಂಗಳುಗಳೇ ಹಿಡಿಯಬಹುದು. ಗಾಡಿ ಅಪ್ಪನ ಹೆಸರಿನಲ್ಲಿದ್ದರೆ ಕಾಗದಪತ್ರಕ್ಕೆಲ್ಲ ಅವರೇ ಸಹಿ ಹಾಕಬೇಕು. ಅವರಿಂದ ಮುಚ್ಚಿಡಲು ಹೋಗಿ ಆ ದಿನಗಳನ್ನು ಕಳೆಯಬೇಡಿ. ಹೇಗಿದ್ದರೂ ಬೈಸಿಕೊಳ್ಳಲೇಬೇಕು, ಮೊದಲ ದಿನವೇ ಬೈಸಿಕೊಳ್ಳಿ.

"ಲ್ಯಾಪ್‌ಟಾಪ್ ಸಿಕ್ಕಿದೆ ಅಂತ ಸ್ಟೇಷನ್‌ನಿಂದ ಫೋನ್ ಬಂತು. ಹೋದ್ರೆ ಕೈಗೆ ಕೊಡ್ತಿಲ್ಲ!"

ಅದು ಈಗ ಕೇಸಿನ ಮುದ್ದೆಮಾಲು, ಅಂದರೆ ಸಾಕ್ಷಿಗೆ ಅಂತ ವಶಕ್ಕೆ ತೆಗೆದುಕೊಂಡ ವಸ್ತು. ಕೋರ್ಟಿನ ಆದೇಶ ಇಲ್ಲದೆ ಪೊಲೀಸರು ಕೊಡುವ ಹಾಗಿಲ್ಲ. ವಕೀಲರ ಮೂಲಕ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಅರ್ಜಿ ಹಾಕಿದರೆ, ಮಾಲೀಕರು ನೀವೇ ಅಂತ ಗೊತ್ತಾದ ಮೇಲೆ ಬಾಂಡ್ ಬರೆಸಿಕೊಂಡು ಬಿಡುಗಡೆ ಮಾಡುತ್ತಾರೆ. ಬಿಲ್ಲು, ಸೀರಿಯಲ್ ನಂಬರ್ ಇದ್ದರೆ ಹೆಚ್ಚು ಓಡಾಟ ಇರುವುದಿಲ್ಲ. ಬಿಲ್ಲು ಕಳೆದುಹೋಗಿದ್ದರೆ ಅಂಗಡಿಯವರ ಹತ್ತಿರ, ಆನ್‌ಲೈನ್ ಖರೀದಿಯಾಗಿದ್ದರೆ ನಿಮ್ಮ ಖಾತೆಯಲ್ಲಿ ಸಿಗುತ್ತದೆ. ಜಿಲ್ಲೆಯಲ್ಲಿ ಪೊಲೀಸರು ಪ್ರಾಪರ್ಟಿ ರಿಟರ್ನ್ ಪರೇಡ್ ಮಾಡಿ ಒಡವೆ, ಬೈಕು, ಫೋನುಗಳನ್ನು ವಾರಸುದಾರರಿಗೆ ಕೊಡುವುದು ಪೇಪರಿನಲ್ಲಿ ಬರುತ್ತದಲ್ಲ, ಅಲ್ಲೂ ದಾಖಲೆ ಇದ್ದವರಿಗೇ ಕೊಡುವುದು.

ಬಿಡುಗಡೆ ಆದ ಮೇಲೂ ಕೇಸು ಮುಗಿಯುವ ತನಕ ಲ್ಯಾಪ್‌ಟಾಪ್ ಮಾರಬೇಡಿ. ಕೋರ್ಟು ಕೇಳಿದ ದಿನ ತಂದು ತೋರಿಸಬೇಕಾಗುತ್ತದೆ. ಕೋರ್ಸ್ ಮುಗಿಸಿ ಬೆಂಗಳೂರಿಗೆ ಹೋದ ಮೇಲೆ ಸಾಕ್ಷಿ ಹೇಳಲು ಸಮನ್ಸ್ ಬರುವುದೂ ಉಂಟು. ಅದಕ್ಕೆ ದೂರಿನಲ್ಲಿ ಹಾಸ್ಟೆಲ್ ವಿಳಾಸದ ಜೊತೆ ಊರಿನ ವಿಳಾಸವನ್ನೂ ಕೊಟ್ಟಿರಿ.